ಪುಟ್ಟಿಗೆ, ಮೆಟ್ಟಿಲಿನ ಕಂಬಿಯ ಬಗ್ಗೆ

ಚಿರಂಜೀವಿ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಮೆಟ್ಟಿಲಿನ ಡ್ರಾಯಿಂಗ್ ನೋಡಿದೆ. ಗೆರೆ ಅಚ್ಚುಕಟ್ಟಾಗಿದೆ, ಅಳತೆಗಳು ತಾಳೆಯಾಗುತ್ತವೆ, ಪ್ರತಿ ಕಂಬಿಗೂ ಗುರುತು ಕೊಟ್ಟಿದ್ದೀಯ. ಆದರೂ ಇದನ್ನು ಹೀಗೇ ಸೈಟಿಗೆ ಕಳಿಸಬೇಡ. ಫ್ಲೈಟ್, ಅಂದರೆ ಮೆಟ್ಟಿಲುಗಳ ಇಳಿಜಾರು ಸಾಲು, ಮೇಲೆ ಹೋಗಿ ಲ್ಯಾಂಡಿಂಗ್ ಅನ್ನುವ ಮಟ್ಟಸ ಕಟ್ಟೆಯನ್ನು ಸೇರುವ ಕಡೆ, ಸ್ಲ್ಯಾಬಿನ ಕೆಳಮೈ ತಿರುಗಿದಂತೆಯೇ ಕೆಳಗಿನ ಕಂಬಿಯನ್ನೂ ಬಗ್ಗಿಸಿಬಿಟ್ಟಿದ್ದೀಯ. ತಿದ್ದು ಅಂತ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಯಾಕೆ ಅಂತ ತಿಳಿಯದೆ ತಿದ್ದಿದರೆ ಮುಂದಿನ ಡ್ರಾಯಿಂಗಿನಲ್ಲಿ ಮತ್ತೆ ಅದೇ ಬರುತ್ತದೆ. ಅದಕ್ಕೇ ಈ ಕಾಗದ. ಡ್ರಾಯಿಂಗ್ ಪಕ್ಕದಲ್ಲಿಟ್ಟುಕೊಂಡು ಓದು.

ಕಂಬಿಗೆ ಬರುವ ಮುಂಚೆ ಮೆಟ್ಟಿಲು ಎಲ್ಲಿ ಕೂತಿದೆ ಅನ್ನುವುದು ತೀರ್ಮಾನವಾಗಬೇಕು. ಇದನ್ನು ಬಹಳ ಜನ ಕೊನೆಗೆ ನೋಡುತ್ತಾರೆ. ಆರ್ಕಿಟೆಕ್ಟ್ ಕೊಟ್ಟ ಪ್ಲಾನಿನಲ್ಲಿ ಬೀಮು ಇರುವುದಿಲ್ಲ, ಗೆರೆ ಮಾತ್ರ ಇರುತ್ತದೆ. ಭಾರ ಯಾವ ಕಡೆ ಇಳಿಯಬೇಕು ಅಂತ ಹೇಳಬೇಕಾದವಳು ನೀನು. ನಿನ್ನ ಮೊದಲನೇ ಫ್ಲೈಟ್ ಕೆಳಗಡೆ ಫ್ಲೋರ್ ಬೀಮಿನ ಮೇಲೆ ಕೂತಿದೆ. ಮೇಲ್ಗಡೆ ಅದು ಲ್ಯಾಂಡಿಂಗನ್ನೂ ಸೇರಿಸಿಕೊಂಡು ಹೋಗಿ, ಲ್ಯಾಂಡಿಂಗಿನ ಆಚೆ ಅಂಚಿನ ಬೀಮಿನ ಮೇಲೆ ಕೂತಿದೆ. ಹಾಗಾಗಿ ಫ್ಲೈಟ್ ಬೇರೆ, ಲ್ಯಾಂಡಿಂಗ್ ಬೇರೆ ಅಲ್ಲ. ಎರಡೂ ಸೇರಿ ಮಧ್ಯದಲ್ಲಿ ಮುರಿದಂತೆ ಕಾಣುವ ಒಂದೇ ಸ್ಲ್ಯಾಬು. ಮೆಟ್ಟಿಲುಗಳ ಉದ್ದ 2.7 ಮೀಟರ್, ಲ್ಯಾಂಡಿಂಗ್ 1.2, ಬೀಮಿನ ಅರ್ಧ ಅಗಲ 0.1. ಒಟ್ಟು ಸ್ಪ್ಯಾನ್, ಅಂದರೆ ಆಸರೆಯಿಂದ ಆಸರೆಗೆ ದೂರ, 4 ಮೀಟರ್. ಇದನ್ನು ನೀನು ಸರಿಯಾಗಿ ಹಿಡಿದಿದ್ದೀಯ.

ಲ್ಯಾಂಡಿಂಗ್ ಅಡ್ಡಡ್ಡಲಾಗಿ ಪಕ್ಕದ ಗೋಡೆಗಳ ಮೇಲೆ ಕೂತಿದ್ದರೆ ಕತೆ ಬೇರೆ. ಆಗ ಫ್ಲೈಟಿಗೆ ಲ್ಯಾಂಡಿಂಗೇ ಆಸರೆ. ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456:2000ರ 33ನೇ ಭಾಗ ಮೆಟ್ಟಿಲುಗಳದ್ದೇ, ನೋಡು. ಅಲ್ಲಿ ಹೇಳುವುದೇನೆಂದರೆ, ಇಂಥ ಕಡೆ ಮೆಟ್ಟಿಲುಗಳ ಉದ್ದಕ್ಕೆ ಪ್ರತಿ ತುದಿಯಲ್ಲೂ ಲ್ಯಾಂಡಿಂಗಿನ ಅರ್ಧ ಅಗಲ ಅಥವಾ 1 ಮೀಟರ್, ಯಾವುದು ಕಡಿಮೆಯೋ ಅದನ್ನು ಸೇರಿಸಿ ಸ್ಪ್ಯಾನ್ ಹಿಡಿಯಬೇಕು. ಸ್ಪ್ಯಾನ್ ಕಡಿಮೆಯಾಯಿತಲ್ಲ ಅಂತ ಖುಷಿಪಡಬೇಡ. ಲ್ಯಾಂಡಿಂಗ್ ಈಗ ತನ್ನ ಭಾರದ ಜೊತೆ ಫ್ಲೈಟಿನ ಭಾರವನ್ನೂ ಹೊರಬೇಕು. ಅದರ ಮುಖ್ಯ ಕಂಬಿ ಅಡ್ಡಡ್ಡ ಹೋಗಬೇಕು, ಅದಕ್ಕೆ ಬೇರೆ ಲೆಕ್ಕ ಬೇಕು. ಫ್ಲೈಟಿಗೆ ಒಂದು ಕಲ್ಪನೆ, ಲ್ಯಾಂಡಿಂಗಿಗೆ ಇನ್ನೊಂದು ಕಲ್ಪನೆ ಇಟ್ಟುಕೊಂಡ ಡ್ರಾಯಿಂಗುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎರಡೂ ಲೆಕ್ಕ ಸರಿಯಾಗಿರುತ್ತವೆ, ಆದರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ಇನ್ನು ದಪ್ಪ. ನೀನು ವೇಸ್ಟ್ ಸ್ಲ್ಯಾಬಿಗೆ, ಅಂದರೆ ಮೆಟ್ಟಿಲುಗಳ ಕೆಳಗಿನ ಇಳಿಜಾರು ಸ್ಲ್ಯಾಬಿಗೆ, 150 ಮಿ.ಮೀ. ಇಟ್ಟಿದ್ದೀಯ. ಎಲ್ಲರೂ 150 ಇಡುತ್ತಾರೆ ಅಂತ ತಾನೇ? ಲೆಕ್ಕ ಹಾಕಿ ನೋಡೋಣ. ಮೆಟ್ಟಿಲಿನ ಎತ್ತರ 150, ಅಗಲ 300. ವೇಸ್ಟ್ ಸ್ಲ್ಯಾಬಿನ ಭಾರ ಇಳಿಜಾರಿನ ಉದ್ದಕ್ಕೂ ಇದೆ, ನಾವು ಸ್ಪ್ಯಾನ್ ಅಳೆದದ್ದು ಪ್ಲಾನಿನಲ್ಲಿ. ಅದಕ್ಕೆ ಆ ಭಾರವನ್ನು 1.118ರಿಂದ ಗುಣಿಸಬೇಕು. ಇದನ್ನು ನೀನು ಬಿಟ್ಟಿಲ್ಲ, ಸಂತೋಷ. ಸ್ಲ್ಯಾಬು 4.2, ಮೆಟ್ಟಿಲಿನ ತ್ರಿಕೋನಗಳು 1.9, ಮೇಲಿನ ಫಿನಿಶಿಂಗ್ 1, ಜನರ ಭಾರ 3. ಒಟ್ಟು ಚದರ ಮೀಟರಿಗೆ ಸುಮಾರು 10 ಕಿಲೋನ್ಯೂಟನ್. ಇದು ಮನೆಯ ಮೆಟ್ಟಿಲಾದ್ದರಿಂದ 3 ಸರಿ. ಜನ ನುಗ್ಗುವ ಕಟ್ಟಡವಾದರೆ 5 ಹಿಡಿ. ಸುರಕ್ಷತೆಗೆ 1.5ರಿಂದ ಗುಣಿಸಿದರೆ 15, ಮೊಮೆಂಟ್, ಅಂದರೆ ಸ್ಲ್ಯಾಬನ್ನು ಬಗ್ಗಿಸುವ ಪರಿಣಾಮ, ಮೀಟರ್ ಅಗಲಕ್ಕೆ 30 ಕಿಲೋನ್ಯೂಟನ್ ಮೀಟರ್. ಲ್ಯಾಂಡಿಂಗಿನಲ್ಲಿ ಭಾರ ಸ್ವಲ್ಪ ಕಡಿಮೆ, ಆದರೆ ಪೂರ್ತಿ ಸ್ಪ್ಯಾನಿಗೆ ಫ್ಲೈಟಿನ ಭಾರವನ್ನೇ ಹಿಡಿದರೆ ನಷ್ಟವೇನಿಲ್ಲ.

ಎಂ25 ದರ್ಜೆಯ ಕಾಂಕ್ರೀಟು, ಎಫ್‌ಇ 500 ದರ್ಜೆಯ ಕಂಬಿ, 20 ಮಿ.ಮೀ. ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟಿನ ಪದರ. 12 ಮಿ.ಮೀ. ಕಂಬಿ 175 ಮಿ.ಮೀ.ಗೊಂದು ಹಾಕಿದರೆ ಬಲಕ್ಕೆ ಸಾಕು. ನೀನು ಅಲ್ಲಿಗೇ ನಿಲ್ಲಿಸಿದ್ದೀಯ. ಡಿಫ್ಲೆಕ್ಷನ್, ಅಂದರೆ ಸ್ಲ್ಯಾಬು ಎಷ್ಟು ಬಾಗುತ್ತದೆ ಅಂತ ನೋಡಿದ್ದರೆ ಗೊತ್ತಾಗುತ್ತಿತ್ತು. 150ರಲ್ಲಿ ಕೈಗೆ ಸಿಗುವ ಎಫೆಕ್ಟಿವ್ ಡೆಪ್ತ್, ಅಂದರೆ ಮೇಲ್ಮೈಯಿಂದ ಕಂಬಿಯ ಮಧ್ಯದವರೆಗಿನ ಆಳ, 124. ನಾಲ್ಕು ಸಾವಿರವನ್ನು ಅದರಿಂದ ಭಾಗಿಸಿದರೆ 32. ಎರಡು ತುದಿಗೆ ಸುಮ್ಮನೆ ಕೂತ ಸ್ಲ್ಯಾಬಿಗೆ ಮೂಲ ಮಿತಿ 20. ಕಂಬಿಯ ಪ್ರಮಾಣ ನೋಡಿ ಅದನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು. ಆದರೆ 125ಕ್ಕೊಂದು ಕಂಬಿ ತುಂಬಿದರೂ ಮಿತಿ 26 ದಾಟುವುದಿಲ್ಲ. 32 ಎಲ್ಲಿ, 26 ಎಲ್ಲಿ! ದಪ್ಪ 175 ಮಾಡು. ಭಾರ ಸ್ವಲ್ಪ ಏರುತ್ತದೆ, ಮೊಮೆಂಟ್ 32 ಆಗುತ್ತದೆ. ಬಲಕ್ಕೆ 12 ಮಿ.ಮೀ. 200ಕ್ಕೊಂದು ಸಾಕು. ಆದರೆ 150ಕ್ಕೊಂದು ಹಾಕು. ಆಗ ಕಂಬಿಯಲ್ಲಿನ ಸ್ಟ್ರೆಸ್ ಇಳಿದು ಮಿತಿ 28ಕ್ಕೆ ಬರುತ್ತದೆ, ನಿನ್ನದು 27. ದಾಟಿತು. ಅಡ್ಡ ಕಂಬಿ 8 ಮಿ.ಮೀ. 225ಕ್ಕೊಂದು ಇರಲಿ. ಮೆಟ್ಟಿಲುಗಳಲ್ಲಿ ಬಲಕ್ಕಿಂತ ಬಾಗುವುದೇ ಹೆಚ್ಚು ಸಲ ದಪ್ಪವನ್ನು ನಿರ್ಧರಿಸುತ್ತದೆ. ಕಾಲಿಟ್ಟಾಗ ಅದುರುವ ಮೆಟ್ಟಿಲು ಬೀಳುವುದಿಲ್ಲ, ನಿಜ. ಆದರೆ ಅದರ ಮೇಲೆ ಧೈರ್ಯವಾಗಿ ಓಡಾಡುವವರು ಯಾರು?

ಈ 175 ಎಲ್ಲಿಂದ ಎಲ್ಲಿಗೆ ಅನ್ನುವುದನ್ನೂ ಡ್ರಾಯಿಂಗಿನಲ್ಲಿ ಬಾಣ ಹಾಕಿ ತೋರಿಸು. ಕೆಳಮೈಗೆ ಲಂಬವಾಗಿ, ಮೆಟ್ಟಿಲಿನ ಒಳಮೂಲೆಯವರೆಗೆ. ಸೈಟಿನಲ್ಲಿ ಟೇಪ್ ಹಿಡಿಯುವವನು ಸಹಜವಾಗಿ ನೆಟ್ಟಗೆ ಮೇಲಿನಿಂದ ಕೆಳಕ್ಕೆ ಅಳೆಯುತ್ತಾನೆ. ಹಾಗೆ 175 ಅಳೆದು ಹಾಕಿದರೆ ನಿಜವಾದ ದಪ್ಪ 156 ಆಗುತ್ತದೆ. ನೀನು ಕಷ್ಟಪಟ್ಟು ಸೇರಿಸಿದ ದಪ್ಪದ ಮುಕ್ಕಾಲು ಭಾಗ ಟೇಪಿನಲ್ಲೇ ಹೋಯಿತು.

ಈಗ ಆ ಮೂಲೆಗೆ ಬರೋಣ.

ಭಾರ ಬಿದ್ದಾಗ ನಿನ್ನ ಸ್ಲ್ಯಾಬಿನ ಕೆಳಮೈ ಹಿಗ್ಗುತ್ತದೆ, ಕಂಬಿ ಎಳೆತ ಹೊರುತ್ತದೆ. ಎಳೆತದಲ್ಲಿರುವ ಕಂಬಿಗೆ ಒಂದೇ ಆಸೆ, ನೇರವಾಗಬೇಕು. ಬಾಗಿಸಿ ಹಿಡಿದ ಹಗ್ಗವನ್ನು ಎರಡು ತುದಿಯಿಂದ ಎಳೆದರೆ ಏನಾಗುತ್ತದೋ ಅದೇ. ಹಾಗಾದರೆ ಬಗ್ಗಿಸಿದ ಕಡೆ ಕಂಬಿ ಯಾವ ದಿಕ್ಕಿಗೆ ಜಿಗಿಯಲು ನೋಡುತ್ತದೆ? ಪ್ರತಿ ಬೆಂಡಿನಲ್ಲೂ ಈ ಒಂದು ಪ್ರಶ್ನೆ ಕೇಳಿಕೋ. ಕಾಂಕ್ರೀಟಿನ ಒಳಕ್ಕೆ ಅಂತಾದರೆ ಸರಿ, ಕಾಂಕ್ರೀಟು ತಡೆಯುತ್ತದೆ. ಹೊರಕ್ಕೆ ಅಂತಾದರೆ ತಡೆಯುವುದಕ್ಕೆ ಕವರ್ ಬಿಟ್ಟು ಬೇರೇನೂ ಇಲ್ಲ.

ನಿನ್ನ ಮೊದಲನೇ ಫ್ಲೈಟಿನ ಮೇಲಿನ ಮೂಲೆಯಲ್ಲಿ, ಇಳಿಜಾರಾಗಿ ಮೇಲೇರಿದ ಕೆಳಮೈ ಲ್ಯಾಂಡಿಂಗಿನಲ್ಲಿ ಮಟ್ಟಸವಾಗುತ್ತದೆ. ಕೆಳಗೆ ನಿಂತು ನೋಡಿದರೆ ಆ ಮೂಲೆ ಒಳಕ್ಕೆ ಮಡಚಿದ ಹಾಗಿರುತ್ತದೆ. ಕಂಬಿಯೂ ಅದೇ ಆಕಾರದಲ್ಲಿದ್ದರೆ, ನೇರವಾಗುವ ಭರದಲ್ಲಿ ಅದು ಕೆಳಕ್ಕೆ, ಅಂದರೆ ಹೊರಕ್ಕೆ ತಳ್ಳುತ್ತದೆ. ಎಷ್ಟು ತಳ್ಳುತ್ತದೆ ಅಂತ ನೋಡು. ಆ ಮೂಲೆ ಲ್ಯಾಂಡಿಂಗ್ ಬೀಮಿನಿಂದ 1.3 ಮೀಟರ್ ದೂರ, ಅಂದರೆ ಸ್ಪ್ಯಾನಿನ ಸುಮಾರು ಮೂರನೇ ಒಂದು ಭಾಗದಲ್ಲಿದೆ. ಆಸರೆಯ ಹತ್ತಿರ ಮೊಮೆಂಟ್ ಎಲ್ಲಿರುತ್ತೆ ಅಂತ ನೀನು ವಾದಿಸಬಹುದು. ಲೆಕ್ಕ ಹಾಕು, ಅಲ್ಲಿ ಗರಿಷ್ಠ ಮೊಮೆಂಟಿನ ಶೇಕಡಾ 88 ಇದೆ. ಕಂಬಿಯಲ್ಲಿ ಮೀಟರ್ ಅಗಲಕ್ಕೆ ಸುಮಾರು 200 ಕಿಲೋನ್ಯೂಟನ್ ಎಳೆತ. ಇಳಿಜಾರಿನ ಕೋನ 26.6 ಡಿಗ್ರಿ. ಆ ಬೆಂಡಿನಿಂದ ಹುಟ್ಟುವ ಹೊರತಳ್ಳು ಮೀಟರಿಗೆ 90 ಕಿಲೋನ್ಯೂಟನ್ ದಾಟುತ್ತದೆ. ಒಂಬತ್ತು ಟನ್ ಅಂದುಕೋ. ಅದನ್ನು 20 ಮಿ.ಮೀ. ಕವರ್ ಹಿಡಿದುಕೊಳ್ಳಬೇಕು! ಮೊದಲು ಮೂಲೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಆಮೇಲೆ ಕವರ್ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಕವರ್ ಹೋದ ಮೇಲೆ ಕಂಬಿ ನಿಜವಾಗಿಯೂ ನೇರವಾಗುತ್ತದೆ, ಆಗ ಅದಕ್ಕೆ ಎಳೆತವೇ ಇರುವುದಿಲ್ಲ. ಕಂಬಿ ಪೂರ್ತಿ ಇದ್ದೂ ಇಲ್ಲದಂತೆ.

ಪರಿಹಾರ ಸರಳ. ಕಂಬಿಯನ್ನು ಆ ಮೂಲೆಯಲ್ಲಿ ಬಗ್ಗಿಸಬೇಡ, ಎರಡು ಮಾಡು. ಫ್ಲೈಟಿನ ಕೆಳಗಿನ ಕಂಬಿ ಇಳಿಜಾರಿನ ದಾರಿಯಲ್ಲೇ ನೇರ ಮುಂದೆ ಹೋಗಲಿ. ಲ್ಯಾಂಡಿಂಗಿನ ಮೇಲ್ಮೈ ಹತ್ತಿರ ಬಂದ ಮೇಲೆ ಮಟ್ಟಸವಾಗಿ ತಿರುಗಿ ಮುಂದುವರಿಯಲಿ. ಲ್ಯಾಂಡಿಂಗಿನ ಕೆಳಗಿನ ಕಂಬಿ ಮಟ್ಟಸವಾಗಿಯೇ ಬಂದು ಮೂಲೆ ದಾಟಿ ಫ್ಲೈಟಿನೊಳಕ್ಕೆ ನುಗ್ಗಲಿ. ವೇಸ್ಟ್ ಸ್ಲ್ಯಾಬಿನ ಮೇಲ್ಮೈ ಹತ್ತಿರ ಬಂದಾಗ ಇಳಿಜಾರಿನ ಜೊತೆ ಕೆಳಕ್ಕೆ ತಿರುಗಲಿ. ಎರಡೂ ಮೂಲೆಯಲ್ಲಿ ಕತ್ತರಿಯಂತೆ ದಾಟುತ್ತವೆ. ದಾಟಿದ ಜಾಗದಿಂದ ಆಚೆಗೆ ಪ್ರತಿಯೊಂದಕ್ಕೂ ಪೂರ್ತಿ ಡೆವಲಪ್‌ಮೆಂಟ್ ಲೆಂತ್, ಅಂದರೆ ಕಾಂಕ್ರೀಟು ಕಂಬಿಯನ್ನು ಜಾರದಂತೆ ಹಿಡಿಯಲು ಬೇಕಾದ ಉದ್ದ, ಸಿಗಬೇಕು. ಎಂ25ಕ್ಕೆ, ಎಫ್‌ಇ 500ಕ್ಕೆ ಅದು ಕಂಬಿಯ ವ್ಯಾಸದ ಸುಮಾರು 49 ಪಟ್ಟು. 12 ಮಿ.ಮೀ. ಕಂಬಿಗೆ 590 ಮಿ.ಮೀ. ಕಾಂಕ್ರೀಟು ಎಂ20 ಆದರೆ 57 ಪಟ್ಟು, ಅದನ್ನೂ ನೆನಪಿಡು. ಹೊಸ ಬೆಂಡುಗಳು ಇವೆಯಲ್ಲ, ಮೇಲ್ಮೈ ಹತ್ತಿರದವು, ಅವು ಯಾವ ಕಡೆ ತಳ್ಳುತ್ತವೆ ನೋಡು. ಕೆಳಕ್ಕೇ ತಳ್ಳುತ್ತವೆ. ಆದರೆ ಈಗ ಅವುಗಳ ಕೆಳಗೆ ಸ್ಲ್ಯಾಬಿನ ಪೂರ್ತಿ ದಪ್ಪ ಇದೆ. ಅಷ್ಟೇ ವ್ಯತ್ಯಾಸ.

ಅದೇ ಲ್ಯಾಂಡಿಂಗಿನಿಂದ ಮೇಲೆ ಹೊರಡುವ ಎರಡನೇ ಫ್ಲೈಟಿಗೆ ಬಾ. ಅಲ್ಲಿ ಕೆಳಮೈ ಮಟ್ಟಸವಾಗಿದ್ದು ಮೇಲಕ್ಕೆ ತಿರುಗುತ್ತದೆ. ಕೆಳಗಿನ ಕಂಬಿ ಆ ಮೂಲೆಯಲ್ಲಿ ನೇರವಾಗಲು ನೋಡಿದರೆ ಮೇಲಕ್ಕೆ, ಕಾಂಕ್ರೀಟಿನ ಒಳಕ್ಕೆ ಒತ್ತುತ್ತದೆ. ಅಲ್ಲಿ ಒಂದೇ ಕಂಬಿಯನ್ನು ಬಗ್ಗಿಸಿ ಒಯ್ದರೆ ತಪ್ಪಿಲ್ಲ. ನೀನು ಅಲ್ಲಿ ಅನಾವಶ್ಯಕವಾಗಿ ಲ್ಯಾಪ್, ಅಂದರೆ ಎರಡು ಕಂಬಿಗಳ ಜೋಡಣೆ, ಕೊಟ್ಟಿದ್ದೀಯ, ತೆಗೆ. ಒಂದೇ ಲ್ಯಾಂಡಿಂಗ್, ಎರಡು ಮೂಲೆ, ಎರಡಕ್ಕೂ ಬೇರೆ ಬೇರೆ ಕಂಬಿ. ಒಂದೇ ಸೆಕ್ಷನ್ ಬರೆದು ಇನ್ನೊಂದು ಇದರಂತೆಯೇ ಅಂತ ಬರೆದರೆ ಎಡವಟ್ಟಾಗುವುದು ಇಲ್ಲೇ. ಎರಡೂ ಫ್ಲೈಟಿಗೆ ಸೆಕ್ಷನ್ ಬಿಡಿಸು. ಇಂಥ ಕಡೆ ಹಾಳೆ ಉಳಿಸಬಾರದು.

ಮೇಲಿನ ಕಂಬಿಯ ವಿಷಯ. ಲೆಕ್ಕದಲ್ಲಿ ತುದಿಗಳು ಸುಮ್ಮನೆ ಕೂತಿವೆ ಅಂತ ಹಿಡಿದೆವು. ನಿಜದಲ್ಲಿ ಸ್ಲ್ಯಾಬನ್ನೂ ಬೀಮನ್ನೂ ಒಟ್ಟಿಗೇ ಎರಕ ಹೊಯ್ದಾಗ ತುದಿ ಅಷ್ಟು ಸಲೀಸಾಗಿ ತಿರುಗುವುದಿಲ್ಲ, ಮೇಲ್ಮೈಯಲ್ಲಿ ಎಳೆತ ಬರುತ್ತದೆ. ಅದಕ್ಕೆ ಬೀಮಿನ ಹತ್ತಿರ ಮೇಲೂ ಕಂಬಿ ಬೇಕು. ಕೆಳಗಿನದರ ಅರ್ಧದಷ್ಟಾದರೂ ಇಟ್ಟು ಸ್ಪ್ಯಾನಿನ ಕಾಲು ಭಾಗದವರೆಗೆ ಒಯ್ಯುವುದು ನನ್ನ ರೂಢಿ. ಇಲ್ಲಿ ಮೂಲೆಯ ಪಾಠ ತಲೆಕೆಳಗಾಗುತ್ತದೆ. ಮೊದಲ ಫ್ಲೈಟ್ ನೆಲದಿಂದ ಹೊರಡುವ ಕಡೆ ಮೇಲ್ಮೈ ಒಳಕ್ಕೆ ಮಡಚಿದೆ. ಅಲ್ಲಿ ಮೇಲಿನ ಕಂಬಿಯನ್ನು ಮೇಲ್ಮೈಯಂತೆಯೇ ಬಗ್ಗಿಸಿದರೆ ಅದು ಮೇಲಕ್ಕೆ ಹಾರಲು ನೋಡುತ್ತದೆ. ಅಲ್ಲೂ ಎರಡು ಕಂಬಿ, ಅಲ್ಲೂ ಕತ್ತರಿ. ನೆಲದ ಸ್ಲ್ಯಾಬಿನ ಮೇಲಿನ ಕಂಬಿ ನೇರವಾಗಿ ಫ್ಲೈಟಿನೊಳಗೆ ಹೋಗಲಿ, ಫ್ಲೈಟಿನ ಮೇಲಿನ ಕಂಬಿ ನೇರವಾಗಿ ಬೀಮಿನೊಳಗೆ ಇಳಿಯಲಿ.

ಪ್ರತಿ ಮೆಟ್ಟಿಲಿನ ತ್ರಿಕೋನದೊಳಗೆ ನೀನು ಹಾಕಿರುವ ಆ ಎಲ್ಲ ಸಣ್ಣ ಕಂಬಿಗಳು ಬೇಡ. ವೇಸ್ಟ್ ಸ್ಲ್ಯಾಬೇ ಭಾರ ಹೊರುವಾಗ ಮೆಟ್ಟಿಲುಗಳು ಬರೀ ಸವಾರರು. ಅಂಚು ಒಡೆಯದಂತೆ ಮೂಗಿನ ಹತ್ತಿರ 8 ಮಿ.ಮೀ. ಕಂಬಿ ಒಂದಿದ್ದರೆ ಬೇಕಾದಷ್ಟಾಯಿತು. ಕೆಳಗಿನಿಂದಲೂ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಮಡಚು ಮೆಟ್ಟಿಲು ಬರೆಯುವ ದಿನ ಬಂದರೆ ಅದು ಬೇರೆ ಲೋಕ. ಅಲ್ಲಿ ಕಾಲಿಡುವ ಪ್ರತಿ ಟ್ರೆಡ್ಡಿಗೂ ನೆಟ್ಟಗಿನ ರೈಸರಿಗೂ ಕಂಬಿಯ ಮುಚ್ಚಿದ ರಿಂಗು, ಪ್ರತಿ ಮೂಲೆಗೂ ಅಡ್ಡ ಕಂಬಿ. ಗೋಡೆಯಿಂದ ಚಾಚಿದ ಒಂಟಿ ಮೆಟ್ಟಿಲುಗಳಾದರೆ ಮುಖ್ಯ ಕಂಬಿ ಮೇಲೆ, ಕೆಳಗಲ್ಲ. ಎರಕದ ದಿನ ಜನ ಅದನ್ನು ತುಳಿದು ಕೆಳಗಿಳಿಸಿದರೆ ಆ ಮೆಟ್ಟಿಲಿಗೆ ಆಸರೆಯೇ ಹೋದಂತೆ. ಆ ಎರಡನ್ನೂ ಈಗಲೇ ಮುಟ್ಟಬೇಡ.

ಸೈಟಿನಲ್ಲಿ ನಡೆಯುವುದನ್ನು ಗಮನದಲ್ಲಿಟ್ಟು ಡ್ರಾಯಿಂಗ್ ಬರಿ. ಕಂಬಿ ಕಟ್ಟುವವರಿಗೆ ಸೆಂಟ್ರಿಂಗ್ ಹಲಗೆ ಹೇಗಿದೆಯೋ ಹಾಗೆ ಕಂಬಿ ಬಗ್ಗಿಸುವುದು ಕೈಗೆ ಬಂದ ಅಭ್ಯಾಸ. ನೋಡಲು ಚೆನ್ನಾಗಿರುತ್ತದೆ, ಕಟ್ಟಲು ಸುಲಭ. ಕತ್ತರಿ ಕಂಬಿ ಅವರ ಕಣ್ಣಿಗೆ ತಪ್ಪು ಮಾಡಿದ ಹಾಗೆ ಕಾಣುತ್ತದೆ, ಪಾಪ ತಿದ್ದಿಬಿಡುತ್ತಾರೆ! ಅದಕ್ಕೇ ಆ ಮೂಲೆಯನ್ನು ದೊಡ್ಡದಾಗಿ, ಒಂದಕ್ಕೆ ಹತ್ತರ ಪ್ರಮಾಣದಲ್ಲಿ ಬೇರೆ ಬಿಡಿಸು. ಎರಡು ಕಂಬಿಗೂ ಬೇರೆ ಬೇರೆ ನಂಬರು, ಬೆಂಡಿಂಗ್ ಷೆಡ್ಯೂಲಿನಲ್ಲಿ, ಅಂದರೆ ಕಂಬಿ ಬಗ್ಗಿಸುವ ಪಟ್ಟಿಯಲ್ಲಿ, ಬೇರೆ ಬೇರೆ ಆಕಾರ ಇರಲಿ. ಎರಕಕ್ಕೆ ಮುಂಚೆ ಹೋಗಿ ಕಣ್ಣಾರೆ ನೋಡು. ಮೂಲೆಯ ಮೇಲೆ ಬಗ್ಗಿ ನೋಡಿದರೆ ಅಲ್ಲಿ ಕಂಬಿ ದಾಟುವುದು ಕಾಣಬೇಕು. ಕಾಣದಿದ್ದರೆ ಎರಕ ನಿಲ್ಲಿಸು. ಹಿರಿಯರು ಯಾರಾದರೂ ನಕ್ಕರೆ ನಗಲಿ.

ಹಾಗೇ ಕೆಲವು ಸಣ್ಣ ಸಂಗತಿ. ಇಳಿಜಾರಿನ ಮೇಲೆ ಕವರ್ ಬ್ಲಾಕ್ ನಿಲ್ಲುವುದಿಲ್ಲ, ಜಾರುತ್ತದೆ. ತಂತಿ ಹುದುಗಿಸಿದ ಬ್ಲಾಕನ್ನೇ ಕಂಬಿಗೆ ಕಟ್ಟಿಸು. ಮುಖ್ಯ ಕಂಬಿ ಸೆಂಟ್ರಿಂಗಿಗೆ ಹತ್ತಿರ, ಅಡ್ಡ ಕಂಬಿ ಅದರ ಮೇಲೆ. ಉಲ್ಟಾ ಕಟ್ಟಿರುವುದು ಅಪರೂಪವೇನಲ್ಲ. ಮೇಲಿನ ಕಂಬಿಗೆ ಚೇರ್, ಅಂದರೆ ಅದನ್ನು ಎತ್ತಿ ಹಿಡಿಯುವ ಕಂಬಿಯ ಕಾಲು, ಕೊಡಿಸು, ಇಲ್ಲದಿದ್ದರೆ ಜನ ಓಡಾಡಿ ಅದು ಕೆಳಗಿನ ಕಂಬಿಯ ಜೊತೆ ಮಲಗಿರುತ್ತದೆ. ಎರಕ ಕೆಳಗಿನ ಮೆಟ್ಟಿಲಿನಿಂದ ಶುರುವಾಗಿ ಮೇಲಕ್ಕೆ ಹೋಗಲಿ, ಕಾಂಕ್ರೀಟು ನೀರು ನೀರಾಗಿರುವುದು ಬೇಡ. ಇನ್ನೊಂದು, ಫ್ಲೋರ್ ಬೀಮ್ ಎರಕ ಹೊಯ್ಯುವ ದಿನವೇ ಮುಂದಿನ ಫ್ಲೈಟಿನ ಕಂಬಿ ಅದರಿಂದ ಹೊರಗೆ ಚಾಚಿರಬೇಕು. ಬೀಮಿನ ಡ್ರಾಯಿಂಗಿನಲ್ಲಿ ಅದನ್ನು ತೋರಿಸದಿದ್ದರೆ ಯಾರಿಗೂ ನೆನಪಾಗುವುದಿಲ್ಲ. ಆಮೇಲೆ ಬೀಮಿಗೆ ತೂತು ಕೊರೆದು ಅಂಟು ಹಾಕಿ ಕಂಬಿ ಕೂರಿಸುವ ಕೆಲಸ. ಆಗುವುದಿಲ್ಲ ಅಂತಲ್ಲ, ಆದರೆ ಸುಮ್ನೆ ಬಿಟ್ಟಿ ತೊಂದರೆ.

ಮೆಟ್ಟಿಲಿನ ಎತ್ತರದ ಬಗ್ಗೆ ಹೆಚ್ಚು ಹೇಳಲಾರೆ. ಎತ್ತರದ ಎರಡರಷ್ಟಕ್ಕೆ ಅಗಲ ಸೇರಿಸಿದರೆ 600 ಬರುತ್ತದೆ, ನಡಿಗೆಗೆ ಹಿತ. ಒಂದೇ ಎಚ್ಚರಿಕೆ. ಕೆಳಗಿನ ನೆಲದ ಫಿನಿಶಿಂಗ್ 50 ಮಿ.ಮೀ. ಇದ್ದು ಮೆಟ್ಟಿಲಿನದು 30 ಆದರೆ, ಕಾಂಕ್ರೀಟಿನಲ್ಲಿ ಮೊದಲನೇ ಮೆಟ್ಟಿಲು 20 ಮಿ.ಮೀ. ಜಾಸ್ತಿ ಎತ್ತರ ಇರಬೇಕು, ಇಲ್ಲದಿದ್ದರೆ ಅದು ಉಳಿದವಕ್ಕಿಂತ ಗಿಡ್ಡವಾಗುತ್ತದೆ. ಕಾಲು ಕಣ್ಣಿಗಿಂತ ಬೇಗ ಅದನ್ನು ಕಂಡುಹಿಡಿಯುತ್ತದೆ.

ಕೊನೆಯದಾಗಿ, ನಿನ್ನ ಲೆಕ್ಕದಲ್ಲಿ ಎಲ್ಲೂ ಕಾಣದ ಒಂದು ವಿಷಯ. ಭೂಕಂಪದಲ್ಲಿ ಕಟ್ಟಡ ಪಕ್ಕಕ್ಕೆ ವಾಲಾಡುವಾಗ ಎರಡು ಮಹಡಿಗಳ ನಡುವೆ ಓರೆಯಾಗಿ ಬಿಗಿದ ಫ್ಲೈಟ್ ಸುಮ್ಮನಿರುವುದಿಲ್ಲ. ಅದು ಊರುಗೋಲಿನ ಕೆಲಸಕ್ಕೆ ನಿಲ್ಲುತ್ತದೆ, ತನ್ನ ಲೆಕ್ಕದಲ್ಲಿಲ್ಲದ ಬಲವನ್ನು ಎಳೆದುಕೊಳ್ಳುತ್ತದೆ. ಮಧ್ಯದ ಲ್ಯಾಂಡಿಂಗ್ ಬೀಮು ಕಂಬವನ್ನು ಅರ್ಧ ಎತ್ತರದಲ್ಲಿ ಹಿಡಿದರೆ ಆ ಕಂಬ ಗಿಡ್ಡ ಕಂಬವಾಗಿ ಜಾಸ್ತಿ ಬಲ ತಿನ್ನುತ್ತದೆ. ಒಂದೋ ಇವನ್ನೆಲ್ಲ ಕಟ್ಟಡದ ಮಾಡೆಲಿನಲ್ಲಿ ಸೇರಿಸಿ ಆ ಕಂಬಕ್ಕೆ ಪೂರ್ತಿ ಎತ್ತರಕ್ಕೂ ರಿಂಗು ಒತ್ತಾಗಿ ಕೊಡಬೇಕು. ಇಲ್ಲವೇ ಫ್ಲೈಟಿನ ಒಂದು ತುದಿ ಜಾರುವಂತೆ ಬಿಡಬೇಕು. ಜಾರಲು ಬಿಟ್ಟರೆ ಕೂರುವ ಜಾಗ ಧಾರಾಳವಾಗಿರಲಿ, ಸಂದು ಖಾಲಿ ಇರಲಿ. 2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪವಾದಾಗ ಒಂದು ಎತ್ತರದ ಕಚೇರಿ ಕಟ್ಟಡ ನಿಂತೇ ಇತ್ತು, ಒಳಗಿನ ಮೆಟ್ಟಿಲುಗಳು ಕುಸಿದಿದ್ದವು. ಮೇಲೆ ಸಿಕ್ಕಿಕೊಂಡವರನ್ನು ಹೊರಗಿನಿಂದ ಇಳಿಸಬೇಕಾಯಿತು. ನಿನ್ನ ಸೀನಿಯರನ್ನು ಕೇಳು, ಕಟ್ಟಡದ ಮಾಡೆಲಿನಲ್ಲಿ ಮೆಟ್ಟಿಲು ಇದೆಯೋ ಇಲ್ಲವೋ ಅಂತ. ಕೇಳಲು ಸಂಕೋಚ ಬೇಡ.

ನಿಮ್ಮ ಕಚೇರಿಯಲ್ಲಿ ಬೇರೆ ದೇಶದ ಕೋಡ್ ಹಿಡಿದರೆ ಮೇಲಿನ ಅಂಕಿಗಳು ಸ್ವಲ್ಪ ಆಚೀಚೆ ಆಗಬಹುದು. ಮೂಲೆಯ ಕಂಬಿ ಎಲ್ಲ ಕೋಡಿನಲ್ಲೂ ಹೊರಕ್ಕೇ ತಳ್ಳುತ್ತದೆ.

ತಿದ್ದಿದ ಡ್ರಾಯಿಂಗ್ ಕಳಿಸುವಾಗ ಬೆಂಡಿಂಗ್ ಷೆಡ್ಯೂಲನ್ನೂ ಜೊತೆಗೆ ಕಳಿಸು, ಈ ಸಲ ಕಳಿಸಿರಲಿಲ್ಲ. ಡಿಫ್ಲೆಕ್ಷನ್ ಲೆಕ್ಕ ಕೈಯಲ್ಲಿ ಬರೆದಿದ್ದರೂ ಸರಿ, ಫೋಟೊ ತೆಗೆದು ಹಾಕು. ಅಪ್ಪ ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ಇಂತಿ ನಿನ್ನ
ಅತ್ತೆ